ಹೆಪ್ಪು

ಕತ್ತಲಾದ ಮೇಲೆ ಹೆಪ್ಪು ಕೊಡಬಾರದು,
ಎನ್ನುತ್ತಿದ್ದಳು ಅತ್ತೆ ಸಿರಾನುಷ್.
ಕೊಟ್ಟರೆ ಹಸುವಿನ ಕೆಚ್ಚಲು ಬತ್ತುತ್ತದಂತೆ.
ಆದರೂ ಆ ಜನವರಿಯ ರಾತ್ರಿ
ಬಾಗಿಲು ತಟ್ಟಿದವಳು ಕೇಳಿದ್ದು
ಹಾಲಿನ ಹೆಪ್ಪಲ್ಲ.

ಮೊದಲಿಂದ ಹೇಳುತ್ತೇನೆ.

ಅರ್ಮೇನಿಯದ ಬಡಗಣ ಬೆಟ್ಟಗಳಲ್ಲಿ, ನಮ್ಮೂರ ಮೇಲೆ,
ಒಂದು ತಾಮ್ರದ ಗಣಿ.
ಸೋವಿಯತ್ ಹೋಯಿತು, ಗಣಿ ಮುಚ್ಚಿತು,
ಅದರ ಬಾಯಿ ಮಾತ್ರ ಮುಚ್ಚಲಿಲ್ಲ.
ಇಂದಿಗೂ ಒಸರುತ್ತದೆ ನೀರು,
ಅಗಸೆಹೂವಿನ ನೀಲಿ, ಏಪ್ರಿಕಾಟ್ ಕಾಯಿಯ ಹುಳಿ.
ಮೀನಿಲ್ಲ, ಕಪ್ಪೆಯಿಲ್ಲ,
ಕುರಿಯೂ ಮೂಸಿ ಮೋರೆ ತಿರುಗಿಸುತ್ತದೆ.
ಚಿಕ್ಕಂದಿನಲ್ಲಿ ನಾವದರಲ್ಲಿ
ಕಬ್ಬಿಣದ ಮೊಳೆ ನೆನೆಹಾಕುತ್ತಿದ್ದೆವು.
ಬೆಳಗಾದರೆ ಮೊಳೆ ತಾಮ್ರ ಉಟ್ಟ ಮದುವಣಗಿತ್ತಿ,
ಮರೆತು ತಿಂಗಳು ಬಿಟ್ಟರೆ
ಮೊಳೆಯೇ ಇಲ್ಲ.
ಹಾಗೇ ಕರಗಿದ ನನ್ನಜ್ಜ ಸಿಮಾವೋನ್,
ಎದೆಗೂಡಲ್ಲಿ ಗಣಿಯ ಧೂಳು, ಐವತ್ತೆರಡಕ್ಕೆ.

ಆರುಸ್ಯಾಕ್ ಬಂದದ್ದು ಯೆರೆವಾನಿನಿಂದ:
ಮೂರು ತೊಟ್ಟಿ, ಒಂದು ಸೂಕ್ಷ್ಮದರ್ಶಕ,
ಹಿಮ್ಮಡಿ ಕಿತ್ತ ಬೂಟು.
'ನೀವು ಚೀಸು ಹಿಂಡಿದ ನೀರು ನನಗೆ ಬೇಕು.'
'ಅದು ಹಂದಿಗಳ ಪಾಲು' ಎಂದೆ.
'ನನಗೂ ಸಾಕಣೆಯಿದೆ' ಎಂದಳು,
'ಹಂದಿಗಿಂತ ಸ್ವಲ್ಪ ಚಿಕ್ಕವು.'

ವಾರಕ್ಕೆರಡು ಸಲ ಕ್ಯಾನು ಹೊತ್ತೆ.
ತೊಟ್ಟಿಯ ತಳದ ಕತ್ತಲಲ್ಲಿ,
ಗಾಳಿ ಸೋಕಿದರೆ ಸೊರಗುವ ಆ ಕಾಣದ ಮಂದೆ
ನನ್ನ ಹಾಲೊಡಕು ಉಂಡು,
ಗಣಿನೀರಿನ ಗಂಧಕವನ್ನೇ ಉಸಿರಾಡಿ
ಬಿಡುವ ಉಸಿರು, ಅಯ್ಯೋ,
ಕೊಳೆತ ಮೊಟ್ಟೆ ಹತ್ತು ಬುಟ್ಟಿ!
ಆ ನಾತವೇ ತಾಮ್ರದ ಕೈಹಿಡಿದು
ಕಪ್ಪಾಗಿ ತಳಕ್ಕೆ ಕೂರಿಸುತ್ತದಂತೆ,
ನೀರು ತಿಳಿಯಾಗುತ್ತದಂತೆ.
ಈ ಅಂತೆಗಳನ್ನು ಊರಿಗೆಲ್ಲ ಹಂಚಿದೆ.
ಊರು ಮೂಗು ಮುಚ್ಚಿಕೊಂಡಿತು.
ಹಂದಿಗಳು ಮುನಿದವು.

ಆಮೇಲೆ ಆ ಜನವರಿ.
ಮೂರು ರಾತ್ರಿ ಕರೆಂಟಿಲ್ಲ, ತೊಟ್ಟಿ ತಣ್ಣಗಾಯಿತು,
ಹುಳಿನೀರು ಒಳನುಗ್ಗಿತು,
ನಾತ ನಿಂತಿತು.
ಯಾವ ನಾತಕ್ಕೆ ಊರು ಶಾಪ ಹಾಕಿತ್ತೋ
ಅದು ಇಲ್ಲವೆಂದು ಒಬ್ಬಳು ಅಳುವುದನ್ನು
ನನ್ನ ಹೊಸಿಲಲ್ಲೇ ಕಂಡೆ.
'ಸತ್ತವು. ಹೊಸದು ತರಲು ದಾರಿಯೆಲ್ಲ ಹಿಮ.'

ಒಲೆಯ ಬಳಿಯಿಂದ ಅತ್ತೆ:
'ಹೆಪ್ಪು ಕೆಟ್ಟರೆ ನೆರೆಮನೆಗೆ ಹೋಗಬೇಕು.'
'ಇದಕ್ಕೆ ನೆರೆಮನೆ ಎಲ್ಲಿದೆ, ಅಜ್ಜಿ?'
'ಎಲ್ಲಿ ಅಂಥದೇ ನಾತವೋ, ಅಲ್ಲಿ.'

ಹಂದಿಗೂಡಿನ ಹಿಂದೊಂದು ಗುಂಡಿ,
ಮೂವತ್ತು ವರ್ಷ ನಾವು ಹೆಚ್ಚಾದ ಹಾಲೊಡಕು ಸುರಿದದ್ದು,
ಗಣಿಯ ನೀರೂ ಅಲ್ಲಿಗೇ ಜಿನುಗುವುದು.
ಲಾಂದ್ರ ಹಿಡಿದು ಮಂಜುಗಡ್ಡೆ ಒಡೆದೆ.
ಗುದ್ದಲಿಗೆ ಬಂತು ಕರೀ ಕೆಸರು.
ಆರುಸ್ಯಾಕ್ ಮೂಸಿ, ಕಣ್ಣು ಮುಚ್ಚಿದಳು,
ಮಗುವಿನ ನೆತ್ತಿ ಮೂಸುವ ಹಾಗೆ.
ಕತ್ತಲಾಗಿತ್ತು. ಕೊಟ್ಟೆ.
ದೋಷ ಕಳೆಯಲೆಂದು ಅತ್ತೆ ಬಕೆಟ್ಟಿಗೆ
ಒಂದು ಇದ್ದಿಲ ಚೂರು ಹಾಕಿದಳು.
ಮರುದಿನ ಹಸು ಅರ್ಧ ಲೀಟರು ಕಡಿಮೆ ಕೊಟ್ಟಿತು.
ಅತ್ತೆ ನನ್ನತ್ತ ನೋಡಿದಳು, ಏನೂ ಅನ್ನಲಿಲ್ಲ.

ಮೊಸರಿನ ಗಡಿಗೆಗೆ ಹೊದಿಸುವಂತೆ
ತೊಟ್ಟಿಗೆ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದೆವು.
ಕಲಕಬೇಡ, ಇಣುಕಬೇಡ, ಕಾಯಬೇಕು.
ಹಾಲಿಗಾದರೆ ಒಂದು ರಾತ್ರಿ,
ಇದಕ್ಕೆ ಹತ್ತೊಂಬತ್ತು.
ಇಪ್ಪತ್ತನೆಯ ಬೆಳಗ್ಗೆ ಬೇಕರಿಯ ಮುಷೆಘ್
ಬೀದಿಯಲ್ಲಿ ನಿಂತು ಕೂಗಿದ:
'ಥೂ! ಮತ್ತೆ ಶುರುವಾಯಿತು!'
ಆರುಸ್ಯಾಕ್ ಓಡಿಹೋಗಿ
ಅವನ ಹಿಟ್ಟು ಮೆತ್ತಿದ ಕೆನ್ನೆಗೆ ಮುತ್ತಿಟ್ಟಳು.

ಹಿಮ ಕರಗಿದಾಗ ತಳ ತೋಡಿದೆವು.
ಒಣಗಿಸಿ ತೂಗಿದರೆ ನಾಲ್ಕೂವರೆ ಕಿಲೋ.
ಹೊಳಪಿಲ್ಲ, ಬಾಣಲೆಯ ತಳದ ಮಸಿ.
ಅತ್ತೆ ಬೆರಳಲ್ಲಿ ಉಜ್ಜಿ ನೋಡಿ ಕೇಳಿದಳು:
'ಇಷ್ಟು ತೆಗೆಯಲು ನಿಮ್ಮಜ್ಜನಿಗೆ
ಎಷ್ಟು ದಿನ ಬೇಕಾಗುತ್ತಿತ್ತು?'
ನನಗೆ ಗೊತ್ತಿರಲಿಲ್ಲ.
ಕೇಳಲು ಯಾರೂ ಉಳಿದಿಲ್ಲ.

ನಿನ್ನೆ ನನ್ನ ಮಗ ವಾಹಿಕ್
ತೊಟ್ಟಿಯಿಂದ ಹೊರಬರುವ ನೀರಲ್ಲಿ
ಮೊಳೆಯೊಂದನ್ನು ನೆನೆಹಾಕಿದ್ದ,
ನಾನು ಹೇಳಿದ ಕಥೆ ನಂಬಿ.
ಬೆಳಗ್ಗೆ ಅಳುತ್ತ ತಂದ.
ಒದ್ದೆಯಾಗಿತ್ತು, ತಣ್ಣಗಿತ್ತು,
ಬರೀ ಮೊಳೆ.

ಕೊಟ್ಟಿಗೆಯ ಕಂಬಕ್ಕೆ ಹೊಡೆದು
ಕ್ಯಾನು ತೂಗುಹಾಕಿದೆ.